ನಲವತ್ತು ಬಿಲ್ಲೆಯ ಡಾಬು

ಕೊಂಡಿ ಬಿಡುತ್ತಿರಲಿಲ್ಲ. ಫರ್ಹತ ತಾಯಿಯ ಪಕ್ಕದಲ್ಲಿ ಮೊಣಕಾಲೂರಿ ಕೂತು, ನಡುವಿನ ಬೆಳ್ಳಿ ಡಾಬಿನ ಕೊಂಡಿಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುವಿ ನೋಡಿದಳು. ಉಗುರು ಮುರಿಯಿತೇ ಹೊರತು ಕೊಂಡಿ ಜಗ್ಗಲಿಲ್ಲ. ಹಬೀಬಮ್ಮ ಬದುಕಿದ್ದಾಗಲೂ ಹಿಡಿದದ್ದನ್ನು ಬಿಟ್ಟ ಹೆಂಗಸಲ್ಲ. ಸತ್ತ ಮೇಲಾದರೂ ಬಿಟ್ಟಾಳು ಎಂದುಕೊಂಡದ್ದು ಮಗಳ ತಪ್ಪು.

"ಹಂಗ ಜಗ್ಗಬ್ಯಾಡವ್ವ, ನೋವಾದೀತು," ಎಂದಳು ಮಾಳಮ್ಮ. ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿ ಸೆರಗನ್ನು ಬಾಯಿಗೊತ್ತಿಕೊಂಡಳು.

ಮಾಳಮ್ಮ ಗೋಡೆಯಾಚೆಯ ಮನೆಯವಳು. ನಸುಕಿನಲ್ಲಿ ಹಬೀಬಮ್ಮನ ಕೆಮ್ಮು ನಿಂತದ್ದು ಮೊದಲು ಅವಳಿಗೇ ಕೇಳಿಸಿತ್ತು. ಇಷ್ಟು ವರ್ಷ ಕೆಮ್ಮಿನಿಂದ ನಿದ್ದೆ ಕೆಡಿಸಿಕೊಂಡವಳು, ಇವತ್ತು ಕೆಮ್ಮು ಇಲ್ಲದ್ದಕ್ಕೆ ಎದ್ದು ಬಂದಿದ್ದಳು. ಫೋನು ಮಾಡಿಸಿದವಳೂ ಅವಳೇ. ಫರ್ಹತ ಸುರಪುರದಿಂದ ಮೊದಲ ಬಸ್ಸಿಗೆ ಗಂಡ ದಸ್ತಗೀರನನ್ನು ಕರೆದುಕೊಂಡು ಶಹಾಪುರಕ್ಕೆ ಬಂದಿಳಿಯುವ ಹೊತ್ತಿಗೆ ಒಲೆಯ ಮೇಲೆ ಮೀಯಿಸುವ ನೀರು ಕಾಯುತ್ತಿತ್ತು.

ಮಯ್ಯತ್ತನ್ನು ಮೀಯಿಸುವ ಹೆಂಗಸರು ಬರುವುದರೊಳಗೆ ಮೈಮೇಲಿನದ್ದೆಲ್ಲ ತೆಗೆದಿಡಬೇಕಿತ್ತು. ಗಾಜಿನ ಬಳೆ ಬಿಚ್ಚಿದ್ದಾಯಿತು, ಮೂಗಿನ ಹರಳು ತೆಗೆದದ್ದಾಯಿತು. ಉಳಿದದ್ದು ಡಾಬು ಒಂದೇ. ಮಾಳಮ್ಮ ಕೊಬ್ಬರಿ ಎಣ್ಣೆ ತಂದು ಎರಡು ಹನಿ ಬಿಟ್ಟಳು. ಮತ್ತೊಮ್ಮೆ ತಿರುವಿದಾಗ ಕೊಂಡಿ ಕಿರ್ ಎಂದು ಬಿಟ್ಟಿತು. ಫರ್ಹತ ತಾಯಿಯ ಬೆನ್ನ ಕೆಳಗೆ ಕೈ ಹಾಕಿ ಡಾಬನ್ನು ಎಳೆದಳು. ಅದು ಬಂದದ್ದು ಎಷ್ಟು ಸಲೀಸಾಗಿತ್ತೆಂದರೆ ಅವಳಿಗೆ ಗಾಬರಿಯಾಯಿತು. ಬೆಳ್ಳಿಯ ಭಾರವೇ ಇರಲಿಲ್ಲ.

ಮುಂದೆ ಎರಡು ಗಿಳಿ ಎದುರುಬದುರಾಗಿ ಕೂತ ದೊಡ್ಡ ಪದಕ, ಅದರ ಎರಡೂ ಬದಿಗೆ ಎರಡು ಮೂರು ಬೆಳ್ಳಿ ಬಿಲ್ಲೆ. ಅಷ್ಟೇ. ಅಲ್ಲಿಂದ ಹಿಂದಕ್ಕೆ, ನಡುವಿನ ಸುತ್ತ ಇದ್ದದ್ದೆಲ್ಲ ಬಟ್ಟೆ. ಮಡಿಸಿ ಮಡಿಸಿ ದಪ್ಪ ಮಾಡಿ, ಗಾದಿ ಹೊಲಿಯುವ ದಾರದಿಂದ ಒತ್ತಾಗಿ ಹೊಲಿದ ಬಟ್ಟೆಯ ತುಂಡುಗಳು, ಒಂದೊಂದೂ ಒಂದೊಂದು ಬಿಲ್ಲೆಯ ಅಗಲ. ಸ್ವಲ್ಪ ದೂರ ಗಾದಿಯ ಗೀರು ಬಟ್ಟೆ, ಆಮೇಲೆ ಗಿಳಿ ಹಸಿರು, ಈರುಳ್ಳಿ ಬಣ್ಣ, ಅರಿಶಿನ, ಮತ್ತೆ ನೀಲಿ. ಎಲ್ಲೋ ನೋಡಿದ ಬಣ್ಣಗಳು ಅನ್ನಿಸಿತು. ಆದರೆ ಬಣ್ಣ ನೋಡುತ್ತ ಕೂರುವ ಹೊತ್ತಲ್ಲ ಅದು. ಹೊರಗೆ ಚಪ್ಪಲಿಗಳ ಸದ್ದಾಯಿತು. ಫರ್ಹತ ಡಾಬನ್ನು ಸೆರಗಿನಲ್ಲಿ ಸುತ್ತಿ ಮಡಿಲಿಗೆ ಸೇರಿಸಿದಳು.

"ನನಗೇನೂ ಕಾಣಲಿಲ್ಲವ್ವ," ಎಂದಳು ಮಾಳಮ್ಮ, ಬಾಗಿಲ ಕಡೆ ನೋಡುತ್ತ.

ಈ ಡಾಬಿನ ಮೇಲೆ ಫರ್ಹತಳಿಗೆ ಆಸೆ ಇರಲಿಲ್ಲ ಎಂದರೆ ಸುಳ್ಳಾದೀತು. ಮೂರು ತಿಂಗಳಿಂದ ಖಾನಾವಳಿಯಲ್ಲಿ ರೊಟ್ಟಿ ಬಡಿದು, ಕೈ ತೊಳೆದು, ಶಹಾಪುರದ ಬಸ್ಸು ಹಿಡಿದು, ತಾಯಿಗೆ ಗಂಜಿ ಕುಡಿಸಿ, ಮತ್ತೆ ಸುರಪುರಕ್ಕೆ ತಿರುಗಿ ಹೋಗುವಾಗ, ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಅವಳು ಡಾಬಿನ ಬಗ್ಗೆ ಯೋಚಿಸಿದ್ದುಂಟು. ಯೋಚಿಸಿದ್ದಕ್ಕೆ ತನ್ನನ್ನು ತಾನೇ ಬೈದುಕೊಂಡದ್ದೂ ಉಂಟು. ಈಗ ಅದೂ ಮುಗಿಯಿತು. ಸಿಟ್ಟು ಬರುವಷ್ಟೂ ತ್ರಾಣ ಇರಲಿಲ್ಲ ಅವಳಲ್ಲಿ.

"ಆಪಾ, ಒಂದು ಮಾತಿತ್ತು," ಎಂದ ಫಿರೋಜ್ ಪರದೆಯ ಆಚೆಯಿಂದ.

ಫಿರೋಜ್ ಮಸೀದಿ ಕಮಿಟಿಯ ಲೆಕ್ಕ ನೋಡುವವನು, ಬಜಾರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು. ಒಳ್ಳೆಯ ಮನುಷ್ಯ. ಆದರೆ ಮಾತಿಗೆ ಮೊದಲು ಧರ್ಮದ ಕಟ್ಟಳೆಯ ಮಸಲಾ ಒಂದು ಹೇಳದಿದ್ದರೆ ಅವನಿಗೆ ಮಾತೇ ಆಡಿದಂತಾಗುವುದಿಲ್ಲ.

"ಮಧ್ಯಾಹ್ನ ಜೋಹರ್ ನಮಾಜಿನ ನಂತರ ಮಣ್ಣು ಅಂತ ಸಾರೀವಿ. ಕಬರ್ ತೋಡಾಕತ್ತಾರ. ಮಯ್ಯತ್ ಹೊರೋ ಸಂದೂಕ ಮಸೀದಿಯಿಂದ ಬರ್ತದ. ಕಫನಿನ ಅರಿವಿ ಒಂದು ಆಗಬೇಕು. ನೋಡ್ರಿ, ಕಮಿಟ್ಯಾಗ ಮಂದಿ ಖುಷಿಲಿಂದ ಕೊಟ್ಟ ಖೈರಾತಿನ ರೊಕ್ಕ ಇದ್ದದ್ದು ಪೂರಾ ಕಬರಸ್ಥಾನದ ಗ್ವಾಡಿಗೆ ಹೋತು. ಈಗ ಉಳದದ್ದು ಜಕಾತಿನ ರೊಕ್ಕ, ಇದ್ದಾವ್ರು ವರ್ಷಾ ಇಲ್ಲದಾವ್ರಿಗೆ ಅಂತ ತಗದು ಕೊಡೋದು. ಜಕಾತಿನಾಗ ಕಫನ್ ತರಾಕ ಬರಂಗಿಲ್ರಿ."

"ಯಾಕ ಬರಂಗಿಲ್ಲಪ್ಪ?" ಎಂದಳು ಮಾಳಮ್ಮ.

"ಜಕಾತ್ ಅಂದ್ರ ಒಬ್ಬರ ಕೈಯಾಗ ಇಟ್ಟು, ಅವರನ್ನ ಅದರ ಮಾಲಕರನ್ನ ಮಾಡಬೇಕು. ಸತ್ತಾವ್ರು ಮಾಲಕರಾಗಂಗಿಲ್ಲ."

"ಸತ್ತಾವ್ರಿಗೆ ಅರಿವಿ ಬೇಕಾಗ್ಯಾದೋ, ಮಾಲಕಿ ಬೇಕಾಗ್ಯಾದೋ?"

ಫಿರೋಜ್ ಪರದೆಯಾಚೆ ಸಣ್ಣಗೆ ಕೆಮ್ಮಿದ. "ದಾರಿ ಅದ. ಫರ್ಹತ ಆಪಾ ಹಕ್ಕುದಾರ್ ಇದ್ರ ಅವರ ಕೈಯಾಗ ಕೊಡ್ತೀವಿ. ಅವರದಾತು. ಅವರು ತಮ್ಮ ಖುಷಿಲಿಂದ ಕಫನ್ ತರಬಹುದು. ಆದ್ರ..." ಅವನು ತಡೆದ. "ಅಮ್ಮಾರ ಡಾಬು ಇಡೀ ಓಣಿಗೆ ಗೊತ್ತದ. ಮಯ್ಯತ್ತಿನ ಖರ್ಚು ಮೊದಲು ಮಯ್ಯತ್ತಿನ ಮಾಲಿನಾಗಿಂದನ ಹೋಗಬೇಕು. ಐವತ್ತೈದು ತೊಲಿ ಬೆಳ್ಳಿ ಮನ್ಯಾಗ ಇಟ್ಕೊಂಡು ಜಕಾತ್ ತಗೊಂಡ್ರು ಅಂತ ನಾಳಿ ಮಂದಿ ನನ್ನ ಕೇಳ್ತಾರ. ಬೇಕಂದ್ರ ನಾ ನನ್ನ ಕೈಲಿಂದ ತರ್ತೀನಿ, ಆಪಾ. ಅದಕ್ಕೇನೂ ಅಡ್ಡಿಲ್ಲ."

ಫರ್ಹತ ಮಡಿಲನ್ನು ಬಿಗಿಯಾಗಿ ಹಿಡಿದುಕೊಂಡಳು. ಡಾಬು ತೋರಿಸಿದರೆ ಸಾಕಿತ್ತು. ಇದು ಬೆಳ್ಳಿಯಲ್ಲ, ಚಿಂದಿ ಬಟ್ಟೆ ಅಂತ ಪರದೆ ಸರಿಸಿ ಹಿಡಿದರೆ ಎಲ್ಲ ಬಗೆಹರಿಯುತ್ತಿತ್ತು. ಆದರೆ ಮೀಯಿಸುವ ಮೊದಲೇ ತಾಯಿಯ ಮಾನ ಓಣಿಯ ನಡುವೆ ಬಿಚ್ಚಿಟ್ಟಂತಾಗುತ್ತಿತ್ತು. ಯಾರ ಮುಂದೆಯೂ ಕೈ ಒಡ್ಡದ ಹೆಂಗಸು. ಕೊನೆಯ ಬಟ್ಟೆಯನ್ನು ಮಂದಿಯ ರೊಕ್ಕದಲ್ಲಿ ಉಟ್ಟು ಹೋಗಬೇಕೆ?

"ಬ್ಯಾಡ, ಫಿರೋಜಣ್ಣ. ಕಫನ್ ನಮ್ಮದಾ. ನಾ ತರಸ್ತೀನಿ."

"ಆತ್ರಿ," ಎಂದ ಅವನು. ಅವನಿಗೂ ಹಗುರವಾದಂತೆ ಕೇಳಿಸಿತು.

*

ದಸ್ತಗೀರ ಹತ್ತಿ ಲಾರಿಯ ಮೇಲಿಂದ ಬಿದ್ದು ಕಾಲು ಮುರಿದುಕೊಂಡ ವರ್ಷದ ಮಾತು. ಫರ್ಹತ ಅಂದು ಬಂದಾಗ ಹಬೀಬಮ್ಮ ಅಂಗಳದಲ್ಲಿ ಗಾದಿಯ ಮೇಲೇ ಕೂತು, ಉದ್ದ ದಬ್ಬಣದಿಂದ ಅಂಚು ಹೊಲಿಯುತ್ತಿದ್ದಳು. ಅವಳ ಗಂಡ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದ ಮನೆ ಅದು. ಅವನು ಹೋದ ಮೇಲೆ ಬಿಲ್ಲು ಗೋಡೆಗೆ ಏರಿತು, ದಬ್ಬಣ ಇವಳ ಕೈಯಲ್ಲಿ ಉಳಿಯಿತು. ಕೆಂಭಾವಿ ಸಂತೆಯವರೆಗೆ ಗಾದಿ ಹೊತ್ತು ಹೋಗಿ ಮಾರಿ ಬಂದ ಹೆಂಗಸು. ಹತ್ತಿಯ ದೂಳು ಕುಡಿದ ಎದೆ ಆಗಲೇ ಸುಯ್ ಎನ್ನುತ್ತಿತ್ತು.

"ಡಾಬು ಕೊಡವ್ವ," ಎಂದಿದ್ದಳು ಫರ್ಹತ, ನೀರು ಕೂಡ ಕುಡಿಯದೆ. "ಅವರ ಕಾಲಿಗೆ ರಾಡ್ ಹಾಕಬೇಕಂತ. ಮುಂದ ನಾ ದುಡದು ಮಾಡಿಸ್ಕೊಡ್ತೀನಿ."

ಹಬೀಬಮ್ಮ ತಲೆ ಎತ್ತಲಿಲ್ಲ. "ಡಾಬು ಕೇಳಬ್ಯಾಡ."

"ಅಳಿಯಗಿಂತ ಡಾಬು ಹೆಚ್ಚಾತೇನು?"

"ಡಾಬು ಹೋದ್ರ ನಾ ಜಕಾತ್ ತಗೊಳ್ಳಾಕಿ ಆಗ್ತೀನಿ. ನಿಮ್ಮಪ್ಪ ತೀರಿಕೊಂಡ ವರ್ಷ ರಮಜಾನಿನಾಗ ಓಣ್ಯಾಗಿನ ಮಂದಿ ಬಂದಿದ್ರು, ಮುಟಗ್ಯಾಗ ಜಕಾತಿನ ರೊಕ್ಕ ಹಿಡಕೊಂಡು. ರಂಡಿ ಮುಂಡಿ, ಪಾಪ ಅಂತ. ಸೆರಗು ಸರಿಸಿ ಡಾಬು ತೋರಿಸಿದೆ. ನಾ ಕೊಡಾಕಿ, ತಗೊಳ್ಳಾಕಿ ಅಲ್ಲ ಅಂದೆ. ಹ್ವಾದ್ರು."

"ಹಂಗಾದ್ರ ವರ್ಷಾ ನೀ ತಗದು ಕೊಡ್ತೀಯಲ್ಲ ಜಕಾತ್, ಅದನ್ನಾರ ನನಗ ಕೊಡು. ನಾ ಬಡವಿ ಅಲ್ಲೇನು?"

"ಮಗಳಿಗೆ ಆಗಂಗಿಲ್ಲ."

"ಓಣಿಯವರಿಗೆಲ್ಲ ಆಗ್ತದ. ಹೊಟ್ಟ್ಯಾಗ ಹುಟ್ಟಿದಾಕಿಗೆ ಆಗಂಗಿಲ್ಲ?"

"ನಿನಗ ಕೊಟ್ರ ನನಗ ನಾ ಕೊಟ್ಕೊಂಡಂಗ. ಈ ಕೈಲೆ ತಗದು ಈ ಕೈಯಾಗ ಇಟ್ಟಂಗ. ಮಸೀದಿ ಹಜರತ್ರಿಗೆ ಕೇಳೀನಿ." ದಬ್ಬಣ ಗಾದಿಯೊಳಗೆ ಹೋಗಿ ಆಚೆ ಬದಿಗೆ ಬಂತು. "ಕುಂದ್ರು. ರೊಟ್ಟಿ ಉಣ್ಣು."

ಫರ್ಹತ ಉಣ್ಣಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ಅಳುತ್ತ ಹೋಗಿದ್ದಳು. ದಸ್ತಗೀರನ ಕಾಲಿಗೆ ನಾಟಿ ವೈದ್ಯ ಕಟ್ಟು ಹಾಕಿದ. ಕಾಲು ಕೂಡಿತು, ಆದರೆ ಕುಂಟು ಉಳಿಯಿತು. ಹಮಾಲಿ ಹೋಗಿ ಪಂಕ್ಚರ್ ಅಂಗಡಿ ಬಂತು.

ಆ ವರ್ಷವೂ ಈದಿಗೆ ದಸ್ತಗೀರ ಅವಳಿಗೊಂದು ಸೀರೆ ತಂದ. ಪ್ರತಿ ವರ್ಷ ತರುತ್ತಿದ್ದ. ಅಂಥ ದುಬಾರಿಯದೇನಲ್ಲ, ಆದರೆ ಹೊಸದು. ಮೂಸಿದರೆ ಗಂಜಿಯ ವಾಸನೆ. ಎಲ್ಲಿಂದ ತಂದ್ರಿ ಎಂದರೆ, "ನಿನಗ್ಯಾಕ ಬೇಕು, ಉಟ್ಕೋ," ಎನ್ನುತ್ತಿದ್ದ. ನಡುವಿನಲ್ಲಿ ಬೆಳ್ಳಿ ಕಟ್ಟಿಕೊಂಡ ತಾಯಿ ಏನೂ ಕೊಡಲಿಲ್ಲ, ಏನೂ ಇಲ್ಲದ ಗಂಡ ಸೀರೆ ತಂದ. ಫರ್ಹತ ಈ ಮಾತನ್ನು ಎಷ್ಟು ಸಲ ಮನಸ್ಸಿನಲ್ಲೇ ಆಡಿಕೊಂಡಿದ್ದಳೆಂದರೆ, ಅದಕ್ಕೆ ಈಗ ನೋವು ಕೂಡ ಉಳಿದಿರಲಿಲ್ಲ. ಈದಿನ ಮರುದಿನ ತವರಿಗೆ ಹೋದರೆ ಹಬೀಬಮ್ಮ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದಳು. "ಚಲೋ ಅದ," ಎನ್ನುತ್ತಿದ್ದಳು. ಆಮೇಲೆ, "ಅಂಚಿನ ತುಂಡು ಕತ್ತರಿಸಿದ್ದು ಇದ್ರ ಒಂದೀಟು ಕೊಡು," ಎಂದು ಕೇಳುತ್ತಿದ್ದಳು. ಕೊಡುವಾಗ ಫರ್ಹತಳಿಗೆ ಹೊಟ್ಟೆ ಉರಿಯುತ್ತಿತ್ತು. ಕೊಡಲು ಬರದವಳಿಗೆ ಕೇಳಲು ಮಾತ್ರ ಬರುತ್ತದಲ್ಲ ಎಂದು.

*

ಬಜಾರದ ಅಕ್ಕಸಾಲಿ ಶಾಂತಕುಮಾರ ಪತ್ತಾರ ಬಂದದ್ದು ಬಿಸಿಲು ಅಂಗಳದ ಅರ್ಧಕ್ಕೆ ಬಂದ ಮೇಲೆ. ಅಂಗಡಿ ಮುಚ್ಚಿಕೊಂಡೇ ಬಂದಿದ್ದ. ಗಂಡಸರ ಸಾಲಿನಲ್ಲಿ ಕೂತು, ತಲೆಗೆ ಕರವಸ್ತ್ರ ಹಾಕಿಕೊಂಡು ಸುಮ್ಮನಿದ್ದ. ಮಾಳಮ್ಮ ಹೋಗಿ ಕಿವಿಯಲ್ಲಿ ಹೇಳಿ, ಅವನನ್ನು ಹಿತ್ತಲಿನ ಹತ್ತಿ ಕೋಣೆಗೆ ಕರೆತಂದಳು. ಫರ್ಹತ ಮಡಿಲು ಬಿಚ್ಚಿ ಡಾಬನ್ನು ಅವನ ಮುಂದೆ ಇಟ್ಟಳು.

ಅವನು ಬೆಚ್ಚಲಿಲ್ಲ.

"ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿಲ್ದ ಏನ್ರಿ ಅಕ್ಕಾರ. ಬಿಲ್ಲಿ ತಗದಾವ್ರು ನಾವಾ. ಮೊದಲು ನಮ್ಮಪ್ಪ ಅಮಾತೆಪ್ಪ, ಆಮ್ಯಾಲ ನಾ." ಅವನು ನೆಲದ ಮೇಲೆ ಕೂತ. "ಐವತ್ತೈದು ತೊಲಿ ಡಾಬು, ನಲವತ್ತು ಬಿಲ್ಲಿ. ನಿಮ್ಮಪ್ಪಾರು ತೀರಿಕೊಂಡ ವರ್ಷ ಅಮ್ಮಾರು ಬಂದು ನಮ್ಮಪ್ಪಗ ಕೇಳಿದ್ರಂತ. ಬೆಳ್ಳಿ ಇದ್ದಾವ್ರು ವರ್ಷಾ ನಲವತ್ತರಾಗ ಒಂದು ಪಾಲು ಜಕಾತ್ ಕೊಡಬೇಕು, ಇಲ್ಲೀತನಕ ನನ್ನ ಗಂಡ ರೊಕ್ಕ ಕೊಡ್ತಿದ್ದ, ಈಗ ಕೈಯಾಗ ರೊಕ್ಕಿಲ್ಲ, ಆದ್ರ ಡಾಬಿನಾಗ ನಲವತ್ತು ಬಿಲ್ಲಿ ಅವ, ಒಂದು ತಗದು ಅದರ ರೊಕ್ಕ ಕೊಡು ಅಂತ. ಅಲ್ಲಿಂದ ವರ್ಷಾ ರಮಜಾನಿನ ಮುಂದ ಒಂದು ಬಿಲ್ಲಿ. ಈ ಸಲ ಇನ್ನಾ ಬಂದಿರಲಿಲ್ಲ. ಯಾಕ ಬರಲಿಲ್ಲ ಅಂತ ಮೊನ್ನಿನಾ ಅನ್ಕೊಂಡೆ."

ಫರ್ಹತ ಡಾಬನ್ನೇ ನೋಡುತ್ತಿದ್ದಳು. ತಾಯಿ ಕೊಡುವವಳಾಗಿ ಉಳಿಯಲು ಡಾಬು ಇಟ್ಟುಕೊಂಡಿದ್ದಳು. ಡಾಬು ಉಳಿಸಿಕೊಂಡದ್ದಕ್ಕೆ ಡಾಬನ್ನೇ ಕೊಟ್ಟು ಮುಗಿಸಿದ್ದಳು. ದಸ್ತಗೀರನ ಕಾಲು ಮುರಿದ ವರ್ಷ ಕೇಳಬ್ಯಾಡ ಎಂದದ್ದು, ಆಗಲೇ ಅದರಲ್ಲಿ ಕೇಳುವಂಥದ್ದು ಅಷ್ಟೇನೂ ಉಳಿದಿರಲಿಲ್ಲ ಎಂದೋ?

"ಆ ರೊಕ್ಕ ಯಾರಿಗೆ ಕೊಡ್ತಿದ್ಲು?"

ಶಾಂತಕುಮಾರ ಅಂಗಳದ ಕಡೆ ನೋಡಿದ. ಹೇಳುವುದೋ ಬೇಡವೋ ಎಂಬಂತೆ ಗಡ್ಡ ಕೆರೆದುಕೊಂಡ. "ಮೊದಮೊದಲು ಓಣ್ಯಾಗ ಯಾರ್ಯಾರಿಗೋ. ಆಮ್ಯಾಲಾಮ್ಯಾಲ ನಿಮ್ಮ ಮನಿಯವರಾ ಅಮ್ಮಾರ ಕೂಡ ಬರ್ತಿದ್ರು. ನಾ ಅಮ್ಮಾರ ಕೈಯಾಗ ಕೊಡ್ತಿದ್ದೆ, ಅವರು ಅಲ್ಲೇ ಅಳಿಯಾರ ಕೈಯಾಗ ಇಡ್ತಿದ್ರು."

"ಯಾವ ಅಳಿಯ?"

"ಎಷ್ಟು ಮಂದಿ ಅಳಿಯಂದಿರು ಅದಾರ್ರಿ ಅವರಿಗೆ? ದಸ್ತಗೀರ ಅಣ್ಣಾರು."

ಕೋಣೆಯಲ್ಲಿ ಹತ್ತಿಯ ಎಳೆಗಳು ಬಿಸಿಲುಕೋಲಿನಲ್ಲಿ ತೇಲುತ್ತಿದ್ದವು. ಫರ್ಹತಳಿಗೆ ಕೆಮ್ಮು ಬಂತು, ತಾಯಿಯದೇ ಕೆಮ್ಮು.

"ಒಂದು ಬಿಲ್ಲಿ ತಗೀರಿ," ಎಂದಳು. "ಈ ವರ್ಷದ್ದು. ಕಫನಿಗೆ."

ಪತ್ತಾರ ಕಿಸೆಯಿಂದ ಸಣ್ಣ ಇಕ್ಕಳ ತೆಗೆದ. ಬಟ್ಟೆ ಮುಗಿದು ಬೆಳ್ಳಿ ಶುರುವಾಗುವಲ್ಲಿ ಒಂದು ಬಿಲ್ಲೆಯ ಮೊಳೆ ಬಿಡಿಸಿ, ಅದನ್ನು ಅಂಗೈಯಲ್ಲಿ ಒಂದು ಗಳಿಗೆ ಹಿಡಿದುಕೊಂಡ. ನೋಟುಗಳನ್ನು ತೆಗೆದು, ರೂಢಿಯಂತೆ ಅಂಗಳದಲ್ಲಿ ದಸ್ತಗೀರ ಎಲ್ಲಿ ಎಂದು ಕತ್ತು ಹೊರಳಿಸಿದ.

"ಈ ಸಲ ನನ್ನ ಕೈಯಾಗ ಕೊಡ್ರಿ," ಎಂದಳು ಫರ್ಹತ.

*

ದಸ್ತಗೀರ ಅಂಗಳದ ಮೂಲೆಯಲ್ಲಿ, ಅರ್ಧ ಹೊಲಿದು ಬಿಟ್ಟ ಗಾದಿಯ ಮೇಲೆ ಕುಂಟುಗಾಲು ಚಾಚಿ ಕೂತಿದ್ದ. ಫರ್ಹತ ಅವನನ್ನು ಹಿತ್ತಲಿಗೆ ಕರೆದು, ಕಫನಿನ ರೊಕ್ಕ ಕೈಗಿಟ್ಟಳು. ಅವನು ರೊಕ್ಕ ನೋಡಿದ, ಅವಳ ಮುಖ ನೋಡಿದ, ಅವಳ ಕೈಯಲ್ಲಿದ್ದ ಡಾಬು ನೋಡಿದ. ಕೇಳುವ ಮೊದಲೇ ಅವನ ಹೆಗಲು ಇಳಿಯಿತು.

"ಪತ್ತಾರ ಹೇಳಿದನೇನು?"

"ನೀವು ಹೇಳಬೇಕಿತ್ತು."

"ಅಳಿಯಗ ಆಗ್ತದಂತ," ಎಂದ ದಸ್ತಗೀರ. "ಮಗಳಿಗೆ ಆಗಂಗಿಲ್ಲ, ಬಡವ ಇದ್ರ ಅಳಿಯಗ ಆಗ್ತದಂತ. ಅತ್ತಿ ಹಜರತ್ರಿಗೆ ಕೇಳ್ಕೊಂಡು ಬಂದಿದ್ಲು. ನಮ್ಮ ಲಗ್ನ ಆದ ಮರುವರ್ಷ ನನ್ನ ಪತ್ತಾರನ ಅಂಗಡಿಗೆ ಕರದು ಕೈಯಾಗಿಟ್ಲು."

"ನನಗ ಸೀರಿ ತಾ ಅಂತ ಹೇಳಿದ್ಲೇನು?"

"ಇಲ್ಲ. ಹೇಳಾಕ ಬರಂಗಿಲ್ಲಂತ. ಕೊಟ್ಟ ಮ್ಯಾಲ ನಂದಾತು, ನಾ ಏನಾರ ಮಾಡ್ಕೋಬಹುದು. ಕೊಟ್ಟು ಸುಮ್ಮನ ನನ್ನ ಮಾರಿ ನೋಡಿದ್ಲು." ಅವನು ನೆಲ ಕೆದರಿದ. "ಮೊದಲನೇ ಸಲ ನಾ ಬೀಡಿ ಅಂಗಡಿ ಬಾಕಿ ತೀರಿಸಿದೆ. ಏನೂ ಅನ್ನಲಿಲ್ಲ. ಮುಂದಿನ ವರ್ಷ ಮತ್ತ ಕೊಟ್ಲು, ಮತ್ತ ಹಂಗಾ ಮಾರಿ ನೋಡಿದ್ಲು. ಆವಾಗ ತಿಳೀತು ನನಗ."

"ಅಷ್ಟು ವರ್ಷ ಆಕಿಗೆ ಬೈದೀನಿ. ನಿಮ್ಮ ಮುಂದನಾ ಬೈದೀನಿ. ಸುಮ್ಮನ ಕೇಳ್ಕೋತ ಕುಂತ್ರಿ."

ದಸ್ತಗೀರ ರೊಕ್ಕವನ್ನು ಮಡಿಸಿ ಕಿಸೆಗಿಟ್ಟ. ಒಳಗೆ ಹೆಂಗಸರು ಓದುವ ಕಲ್ಮಾ ಕೇಳಿಸುತ್ತಿತ್ತು.

"ಸೀರಿ ಬಿಚ್ಚಿದಾಗ ನೀ ನಗ್ತಿದ್ದಿ," ಎಂದ. "ವರ್ಷಕ್ಕೊಮ್ಮೆ. ಉಳದ ದಿನ ನಿನ್ನ ಮಾರಿ ಮ್ಯಾಲ ನಾ ನಗು ಕಂಡಿಲ್ಲ, ಅದರಾಗ ನಿಂದೇನೂ ತಪ್ಪಿಲ್ಲ. ಆ ಒಂದು ನಗೂನೂ ಅತ್ತಿ ಪಾಲಿಗೆ ಹಾಕಿಬಿಟ್ರ ನನಗೇನು ಉಳೀತಿತ್ತು?"

 ಫರ್ಹತಳಿಗೆ ಸಿಟ್ಟು ಮಾಡಲು ಹೋದರೆ ಕನಿಕರ ಬಂತು, ಕನಿಕರ ಪಡಲು ಹೋದರೆ ಸಿಟ್ಟು ಬಂತು. "ಹೋಗ್ರಿ," ಎಂದಳು ಕೊನೆಗೆ. "ಹೊತ್ತಾತು. ಅರಿವಿ ಸ್ವಲ್ಪ ಹೆಚ್ಚಿಗಿನ ತರ್ರಿ."

ಅವನು ಕುಂಟುತ್ತ ಬಜಾರದ ಕಡೆ ಹೋದ. ಅವಳು ಪರದೆಯ ಹತ್ತಿರ ಬಂದು ಫಿರೋಜನನ್ನು ಕರೆದಳು. ಒಂದು ಮಾತು ಅವಳ ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿತ್ತು.

"ಫಿರೋಜಣ್ಣ, ಒಂದು ಕೇಳ್ತೀನಿ. ಎಷ್ಟು ಬೆಳ್ಳಿ ಇದ್ರ ಜಕಾತ್ ಬೀಳ್ತದ?"

"ಐವತ್ತೆರಡೂವರಿ ತೊಲಿ, ಆಪಾ. ಅದಕ್ಕ ಒಂದು ಗುಂಜಿ ಕಡಿಮಿ ಇದ್ದು, ಬ್ಯಾರೆ ರೊಕ್ಕ ಬಂಗಾರ ಏನೂ ಇಲ್ಲಂದ್ರ ಬೀಳಂಗಿಲ್ಲ."

"ಕಡಿಮಿ ಇದ್ದಾಕಿ ತಿಳೀದ ಜಕಾತ್ ಅಂತ ಕೊಟ್ಕೋತ ಬಂದ್ರ?"

"ಅದು ಜಕಾತ್ ಆಗಂಗಿಲ್ಲ. ಸದಖಾ ಆಗ್ತದ, ಖುಷಿಲಿಂದ ಕೊಟ್ಟ ದಾನ. ಅದರದೂ ಸವಾಬ್ ಅದ, ಪುಣ್ಯ ಅದ." ಫಿರೋಜನ ದನಿಗೆ ಹುರುಪು ಬಂತು. "ಮತ್ತ ಸದಖಾಕ್ಕ ಜಕಾತಿನಂಗ ಕಟ್ಟಿಲ್ರಿ. ಯಾರಿಗೆ ಬೇಕಾದ್ರೂ ಕೊಡಬಹುದು."

"ಮಗಳಿಗೂ?"

"ಮಗಳಿಗೆ ಮೊದಲು! ತನ್ನವರು ಕಷ್ಟದಾಗ ಇದ್ರ ಅವರಿಗೆ ಕೊಟ್ರ ಎರಡು ಸವಾಬ್. ಯಾಕ ಆಪಾ, ಯಾರದು ಈ ಮಾತು?"

"ನಮ್ಮ ಸುರಪುರದಾಗ ಒಬ್ಬಾಕಿ," ಎಂದಳು ಫರ್ಹತ.

ಐವತ್ತೈದು ತೊಲೆಯಿಂದ ಎರಡು ಮೂರು ಬಿಲ್ಲೆ ಹೋದರೆ ಐವತ್ತೆರಡೂವರೆ ಉಳಿಯುವುದಿಲ್ಲ. ಲೆಕ್ಕಕ್ಕೆ ಪತ್ತಾರ ಬೇಕಿರಲಿಲ್ಲ. ಎರಡು ಮೂರು ವರ್ಷ ಕಳೆದ ಮೇಲೆ ಹಬೀಬಮ್ಮನ ಮೇಲೆ ಯಾವ ಜಕಾತೂ ಇರಲಿಲ್ಲ. ಆಮೇಲೆ ಕೊಟ್ಟದ್ದೆಲ್ಲ ಅವಳ ಸ್ವಂತ ಖುಷಿಯದು. ಅಳಿಯನನ್ನು ಅಂಗಡಿಗೆ ಕರೆಯಬೇಕಿರಲಿಲ್ಲ, ಮುಖ ನೋಡುತ್ತ ಕೂರಬೇಕಿರಲಿಲ್ಲ. ಮಗಳ ಅಂಗೈ ಬಿಡಿಸಿ, ತಗೋ ಎಂದು ತನ್ನ ಕೈಯಾರೆ ಇಡಬಹುದಿತ್ತು. ಯಾರಿಗೆ ಕೊಡಬಹುದು ಎಂದು ಹಜರತ್ರನ್ನು ಕೇಳಿ ಬಂದವಳು, ಇನ್ನೂ ಕೊಡಬೇಕೇ ಎಂದು ಕೇಳಲೇ ಇಲ್ಲ. ಕೇಳಿದ್ದರೆ ಡಾಬನ್ನು ತಕ್ಕಡಿಗೆ ಹಾಕಬೇಕಾಗುತ್ತಿತ್ತು, ಕೊಡುವವಳೆಂಬ ಹೆಸರು ಹೋಗುತ್ತಿತ್ತು.

ಫರ್ಹತಳಿಗೆ ನಗು ಬಂತು. ಸಾವಿನ ಮನೆಯಲ್ಲಿ ನಗಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹೆಗಲು ಅಲುಗುವುದನ್ನು ನೋಡಿದ ಹೆಂಗಸರು ಅಳುತ್ತಿದ್ದಾಳೆ ಎಂದುಕೊಂಡರು. ಸ್ವಲ್ಪ ಹೊತ್ತಿನಲ್ಲಿ ಅದೂ ನಿಜವಾಯಿತು.

*

ಮೀಯಿಸುವಾಗ ನೀರು ಹಾಕಿದವಳು ಫರ್ಹತಳೇ. ನಡುವಿನ ಸುತ್ತ ಡಾಬು ಒತ್ತಿದ ಗುರುತು ಮುಂದೆ ಕಪ್ಪಗಿತ್ತು, ಹಿಂದೆ ಮಸುಕಾಗಿತ್ತು. ದಸ್ತಗೀರ ತಂದ ಬಿಳಿ ಬಟ್ಟೆಯನ್ನು ಹೆಂಗಸರು ಅಳೆದು ಹರಿದು, ಕರ್ಪೂರ ಸವರಿ, ಅತ್ತರು ಹಚ್ಚಿ ಉಡಿಸಿದರು. ಉಳಿದ ಅಂಚಿನ ತುಂಡನ್ನು ಒಬ್ಬಳು ಮುದ್ದೆ ಮಾಡಿ ಎಸೆಯಲು ಹೋದಾಗ ಫರ್ಹತ ಕೈ ಚಾಚಿ ಇಸಿದುಕೊಂಡಳು.

ಸಂದೂಕ ಎತ್ತುವ ಮೊದಲು ದಸ್ತಗೀರ ಅಂಗಳದಲ್ಲಿ ನಿಂತು ಸಾರಬೇಕಿತ್ತು. ಗಂಡು ಮಕ್ಕಳಿಲ್ಲದ ಮನೆಯಲ್ಲಿ ಅದು ಅಳಿಯನ ಪಾಲಿಗೆ ಬಂತು. "ನಮ್ಮತ್ತಿ ಯಾರಿಗಾರ ಏನಾರ ಕೊಡೋದಿದ್ರ ಈಗ ಹೇಳ್ರಿ, ನಾ ತೀರಸ್ತೀನಿ," ಎಂದ. ದನಿ ಸಣ್ಣದಾಯಿತು. "ಇಲ್ಲಾ ಮಾಫ್ ಮಾಡ್ರಿ."

 ಹಬೀಬಮ್ಮ ಬಾಕಿ ಇಟ್ಟುಕೊಳ್ಳುವವಳಲ್ಲ ಎಂದು ಹಿಂದಿನಿಂದ ಯಾರೋ ಅಂದರು.

"ನನಗೊಂದು ಗಾದಿ ಹೊಲದು ಕೊಡೋದಿತ್ತು," ಎಂದಳು ಮಾಳಮ್ಮ ಬಾಗಿಲಲ್ಲಿ ನಿಂತು. "ಮಾಫ್ ಅದ ಅಂತ ಹೇಳ್ರಪ್ಪ ಆಕಿಗೆ."

ಫರ್ಹತಳ ಬಾಯಿಗೂ ಒಂದು ಮಾತು ಬಂದಿತ್ತು. ಯಾರು ಯಾರನ್ನು ಮಾಫ್ ಮಾಡಬೇಕು ಎಂಬುದೇ ಬಗೆಹರಿಯಲಿಲ್ಲ. ಅಷ್ಟರಲ್ಲಿ ಗಂಡಸರು ಸಂದೂಕಕ್ಕೆ ಹೆಗಲು ಕೊಟ್ಟು ಓಣಿಯ ತಿರುವು ದಾಟಿದ್ದರು. ಗುಡ್ಡದ ಕಡೆಯಿಂದ ಬಿಸಿಗಾಳಿ ಬಂದು ಹಸಿ ನೆಲವನ್ನು ಒಣಗಿಸತೊಡಗಿತು.

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ಮಾಳಮ್ಮ ರೊಟ್ಟಿ ತರುತ್ತೇನೆಂದು ತನ್ನ ಮನೆಗೆ ಹೋದಳು. ಫರ್ಹತ ಅರ್ಧ ಹೊಲಿದ ಗಾದಿಯ ಮೇಲೆ ಕೂತು ಡಾಬನ್ನು ತೊಡೆಯ ಮೇಲೆ ಹರಡಿಕೊಂಡಳು. ಈಗ ಬಣ್ಣ ನೋಡಲು ಹೊತ್ತಿತ್ತು. ಗಿಳಿ ಹಸಿರು, ದಸ್ತಗೀರ ಈದಿಗೆ ತಂದ ಮೊದಲ ಸೀರೆ. ಈರುಳ್ಳಿ ಬಣ್ಣದ್ದು ಮಗಳು ಹೊಟ್ಟೆಯಲ್ಲಿದ್ದಾಗಿನದು. ಅರಿಶಿನದ್ದು ದಸ್ತಗೀರ ಕಾಲು ಮುರಿದುಕೊಂಡ ವರ್ಷದ್ದು. ಅದನ್ನು ಉಟ್ಟು ತಾಯಿಯ ಮನೆಗೆ ಬಂದು, ಮುಖ ಆಚೆ ತಿರುಗಿಸಿ ಕೂತಿದ್ದಳು. ಹೋದ ವರ್ಷದ ನೀಲಿ ಕೊನೆಯದು. ಗಾದಿಯ ಗೀರು ಬಟ್ಟೆ ಮುಗಿದಲ್ಲಿಂದ, ಬಿಲ್ಲೆ ಹೋದ ಜಾಗದಲ್ಲೆಲ್ಲ, ಆ ಬಿಲ್ಲೆಯಿಂದ ಬಂದ ಸೀರೆಯ ತುಂಡು.

ನೀಲಿಯ ಆಚೆ, ಪತ್ತಾರ ಬೆಳಿಗ್ಗೆ ಬಿಲ್ಲೆ ತೆಗೆದಲ್ಲಿ, ಡಾಬು ಬಾಯಿ ಬಿಟ್ಟಿತ್ತು.

ತಾಯಿಯ ದಬ್ಬಣ ಗಾದಿಯ ಅಂಚಿನಲ್ಲೇ ಚುಚ್ಚಿಕೊಂಡಿತ್ತು, ದಾರವೂ ಅದರಲ್ಲೇ. ಫರ್ಹತ ಕಫನಿನ ತುಂಡನ್ನು ಬಿಲ್ಲೆಯ ಅಗಲಕ್ಕೆ ಮಡಿಸಿದಳು, ಮತ್ತೆ ಮಡಿಸಿದಳು. ಕರ್ಪೂರದ ವಾಸನೆ ಕೈಗೆ ಹತ್ತಿತು. ದಸ್ತಗೀರ ಕಬರಸ್ಥಾನದಿಂದ ತಿರುಗಿ ಬಂದು, ಕೈಯ ಮಣ್ಣು ತೊಳೆಯದೆ ಅವಳ ಮುಂದೆ ನಿಂತಾಗಲೂ ಅವಳು ತಲೆ ಎತ್ತಲಿಲ್ಲ. ದಬ್ಬಣ ಬಟ್ಟೆಯೊಳಗೆ ಹೋಗಿ ಆಚೆ ಬದಿಗೆ ಬಂತು. ನೀಲಿಗೂ ಬೆಳ್ಳಿಗೂ ನಡುವೆ ಬಿಳಿ ತುಂಡು ಕೂತಿತು. ದಾರವನ್ನು ಹಲ್ಲಿನಿಂದ ಕಡಿದು, ಡಾಬನ್ನು ನಡುವಿಗೆ ಸುತ್ತಿಕೊಂಡಳು. ಎಣ್ಣೆಯಿನ್ನೂ ಆರದ ಕೊಂಡಿ ಒಂದೇ ಸಲಕ್ಕೆ ಕೂತಿತು. ಅವಳು ಸೆರಗನ್ನು ಬೆನ್ನ ಸುತ್ತ ಎಳೆದು, ಎರಡು ಗಿಳಿಗಳು ಮಾತ್ರ ಕಾಣುವಂತೆ, ತಾಯಿ ಸಿಕ್ಕಿಸುತ್ತಿದ್ದಂತೆಯೇ, ಸಿಕ್ಕಿಸಿಕೊಂಡಳು.